ಟೆಂಟ್ ಹೊತ್ತುಕೊಂಡು ನಡೆಯೋ ಅಭ್ಯಾಸಕ್ಕೆ ತುಮಕೂರು ಕಡೆ ಜಾಗ ಇದೆಯಾ?

ಕ್ಯಾತ್ಸಂದ್ರದವನು:
ಎಲ್ಲರಿಗೂ ನಮಸ್ಕಾರ. ಬರೋ ಮೇ ತಿಂಗಳಲ್ಲಿ ನಾನು, ನನ್ನ ತಂಗಿ ಉತ್ತರಾಖಂಡದ ಹರ್ ಕಿ ದೂನ್ ಕಣಿವೆಗೆ ಚಾರಣ ಹೋಗೋಣ ಅಂತಿದ್ದೇವೆ. ಅಲ್ಲಿನ ಗೈಡ್ ಒಬ್ಬರು ಜೊತೆಗಿರುತ್ತಾರೆ, ಆದರೆ ಟೆಂಟು, ಪಾತ್ರೆ, ಬಟ್ಟೆ ಎಲ್ಲ ನಮ್ಮ ಬೆನ್ನ ಮೇಲೇ. ಸಿದ್ದರಬೆಟ್ಟ, ಮಧುಗಿರಿ, ದೇವರಾಯನದುರ್ಗ ಎಲ್ಲ ಹತ್ತಿದ್ದೇವೆ. ಆದರೆ ಅದೆಲ್ಲ ಒಂದು ಬಾಟಲ್ ನೀರು ಹಿಡಿದುಕೊಂಡು ಕೈ ಬೀಸಿಕೊಂಡು ಹೋಗಿದ್ದು. ಹೊರೆ ಹೊತ್ತು ಅಭ್ಯಾಸವೇ ಇಲ್ಲ. ಅದಕ್ಕೆ ಇಲ್ಲೇ ಯಾವುದಾದರೂ ಬೆಟ್ಟದಲ್ಲಿ ಒಂದು ರಾತ್ರಿ ಟೆಂಟ್ ಹಾಕಿ ಮಲಗಿ ನೋಡೋಣ ಅಂತ. ಎಲ್ಲಿ ಬಿಡ್ತಾರೆ? ಬ್ಯಾಗ್ ಎಷ್ಟು ದೊಡ್ಡದು ಬೇಕು, ಎಷ್ಟು ತೂಕ ಹೊರಬಹುದು? ಅಮ್ಮನಿಗೆ ಚಿರತೆ ಚಿಂತೆ, ಅದಕ್ಕೂ ಏನಾದರೂ ಹೇಳಿ.

ಬೆಟ್ಟ ಸುತ್ತೋ ಗಿರಿ:
ಗುರು, ಇಷ್ಟೊಂದು ತಲೆ ಯಾಕೆ ಕೆಡಿಸ್ಕೊಳ್ತೀಯ? ಸಂಜೆ ದುರ್ಗದ ಹಿಂದಿನ ಬಂಡೆ ಮೇಲೆ ಟೆಂಟ್ ಹಾಕು, ಬೆಳಿಗ್ಗೆ ಆರಕ್ಕೆ ಮಡಚ್ಕೊಂಡು ಬಾ. ಕಾಲೇಜಲ್ಲಿದ್ದಾಗ ನಾವೆಲ್ಲ ಹಂಗೇ ಮಾಡ್ತಿದ್ದಿದ್ದು. ಯಾರೂ ಕೇಳಲ್ಲ.

ಕೋಲಾರದ ಅಕ್ಕ:
ಗಿರಿ ಅವರೇ, "ಯಾರೂ ಕೇಳಲ್ಲ" ಅನ್ನೋ ಕಾಲ ಮುಗೀತು. ದುರ್ಗದ ಸುತ್ತ ಇರೋದು ಅರಣ್ಯ ಇಲಾಖೆಯ ಕಾಡು, ಅಲ್ಲಿ ಅನುಮತಿ ಇಲ್ಲದೆ ರಾತ್ರಿ ಉಳಿಯೋ ಹಾಗಿಲ್ಲ. ಸ್ಕಂದಗಿರಿ ನೋಡಿ, ಒಂದು ಕಾಲದಲ್ಲಿ ಮಧ್ಯರಾತ್ರಿ ಟಾರ್ಚ್ ಹಿಡಿದುಕೊಂಡು ಜಾತ್ರೆ ಥರ ಹತ್ತುತ್ತಿದ್ದರು, ಈಗ ಬುಕಿಂಗ್ ಇಲ್ಲದೆ ಬುಡದಲ್ಲೇ ವಾಪಸ್. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನ ತುಂಬಿ ತುಳುಕಿದ ಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೇ ಸರ್ಕಾರ ನಿಲ್ಲಿಸಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅರಣ್ಯ ವಿಹಾರ ಅಂತ ಬುಕಿಂಗ್ ತಾಣ ಶುರು ಮಾಡಿದರು, ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಇಟ್ಟರು.

ಚಿರತೆಗಿಂತ ನನಗೆ ಕರಡಿ ಭಯ ಜಾಸ್ತಿ. ತುಮಕೂರು ಕಡೆ ಕರಡಿ ಇವೆ, ಬಂಡೆ ಸಂದಿಯಲ್ಲೇ ಮಲಗೋದು. ಚಿರತೆ ಮನುಷ್ಯರ ಸದ್ದು ಕೇಳಿದರೆ ಸಾಮಾನ್ಯವಾಗಿ ಸರಿದು ಹೋಗುತ್ತೆ. ಕರಡಿಗೆ ಕಣ್ಣು ಅಷ್ಟು ಚುರುಕಲ್ಲ, ಗೆದ್ದಲು ಹುತ್ತ ಬಗೆಯೋದರಲ್ಲಿ ಮುಳುಗಿದ್ದಾಗ ನಾವು ಹತ್ತಿರ ಹೋಗಿಬಿಟ್ಟರೆ ಗಾಬರಿಯಿಂದ ಮೈಮೇಲೇ ಬೀಳುತ್ತೆ. ಅದು ಓಡಾಡೋದು ಹೆಚ್ಚಾಗಿ ಸಂಜೆಯಿಂದ ಬೆಳಗಿನ ಜಾವದವರೆಗೆ. ಗಿರಿ ಹೇಳಿದ ಟೈಮೂ ಅದೇ! ಹಗಲಲ್ಲಿ ಮಾತಾಡಿಕೊಂಡು ಹೋಗಿ, ಹೊಸದಾಗಿ ಬಗೆದ ಹುತ್ತ ಕಂಡರೆ ಆ ಕಡೆ ಹೋಗಲೇಬೇಡಿ.

ನಿಮ್ಮದೋ ನೆಂಟರದೋ ತೋಟ ಇದೆಯಾ? ಟೆಂಟ್ ಅಲ್ಲಿ ಹಾಕಿ. ಹಗಲು ಹೊರೆ ಹೊತ್ತು ಬೆಟ್ಟ ಹತ್ತಿ, ರಾತ್ರಿ ತೋಟದಲ್ಲಿ ಮಲಗಿ. ಕತ್ತಲಲ್ಲಿ ಟೆಂಟ್ ನಿಲ್ಲಿಸೋದು, ಸಣ್ಣ ಸ್ಟವ್‌ನಲ್ಲಿ ಅನ್ನ ಬೇಯಿಸೋದು, ಇಬ್ಬನಿಗೆ ಟೆಂಟ್ ಒಳಗೆ ನೀರು ಜಿನುಗೋದು, ಇದೆಲ್ಲ ಅಲ್ಲೇ ಗೊತ್ತಾಗುತ್ತೆ. ಈ ಕಡೆ ಬಂದರೆ ಅಂತರಗಂಗೆಯಿಂದ ಮೇಲಿನ ತೇರಹಳ್ಳಿ ಕಡೆ ನಡೆದು ನೋಡಿ. ಮೇಲೆ ಊರು, ಹೊಲ ಎಲ್ಲ ಇದೆ.

ಕ್ಯಾತ್ಸಂದ್ರದವನು:
ಅಕ್ಕಾ, ತೋಟದ ಐಡಿಯಾ ಚೆನ್ನಾಗಿದೆ. ಕೊರಟಗೆರೆ ಹತ್ತಿರ ದೊಡ್ಡಪ್ಪನ ಅಡಿಕೆ ತೋಟ ಇದೆ. ಬೆಟ್ಟದ ಮೇಲೆ ದೊಣೆ ನೀರು, ಅಂದರೆ ಬಂಡೆ ಗುಂಡಿಯಲ್ಲಿ ನಿಂತ ನೀರು, ಕುಡಿಯಬಹುದಾ? ಎಲ್ಲ ನೀರೂ ಹೊತ್ಕೊಂಡೇ ಹೋಗಬೇಕಾ?

ಮಧುಗಿರಿ ಮಂಜ:
ದೊಣೆ ನಂಬಿಕೊಂಡು ಹೋಗಬೇಡಿ. ಮಳೆ ಮುಗಿದ ಹೊಸದರಲ್ಲಿ ಪರವಾಗಿಲ್ಲ ಅನ್ನಿಸುತ್ತೆ, ಶಿವರಾತ್ರಿ ಹೊತ್ತಿಗೆ ತಳದಲ್ಲಿ ಹಸಿರು ಪಾಚಿ, ಮೇಲೆ ಚಿಪ್ಸ್ ಪ್ಯಾಕೆಟ್. ಅಂತರಗಂಗೆಯಲ್ಲಿ ಬಸವನ ಬಾಯಿಂದ ನೀರು ಬೀಳುತ್ತೆ, ಆದರೆ ಅದು ಕೆಳಗೇ. ನಮ್ಮ ಸೀಮೆಯಲ್ಲಿ ಹೊರೆ ಅಂದರೆ ನೀರೇ ಕಣ್ರೀ. ಒಂದು ಲೀಟರ್ ಅಂದ್ರೆ ಒಂದು ಕೆಜಿ. ಬಿಸಿಲಿಗೆ ಕಾದ ಬಂಡೆ ಮೇಲೆ ಒಬ್ಬರಿಗೆ ಹಗಲಿಗೆ ಮೂರು ಲೀಟರ್ ಆದರೂ ಬೇಕು. ನೀವು ಹೋಗೋ ಹಿಮಾಲಯದ ದಾರಿಯಲ್ಲಿ ಪಕ್ಕದಲ್ಲೇ ಹೊಳೆ ಇರುತ್ತೆ, ಅಲ್ಲಿ ಒಂದೆರಡು ಲೀಟರ್ ಸಾಕು, ಕುದಿಸಿ ಅಥವಾ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ.

ಅಭ್ಯಾಸಕ್ಕೆ ಒಂದು ಉಪಾಯ. ಬ್ಯಾಗಿಗೆ ಕಲ್ಲು, ಇಟ್ಟಿಗೆ ತುಂಬಬೇಡಿ, ನೀರಿನ ಬಾಟಲ್ ತುಂಬಿ. ಹತ್ತೋವಾಗ ತೂಕ ಪೂರ್ತಿ ಇರುತ್ತೆ, ಇಳಿಯೋ ಮೊದಲು ಬೇಡದಷ್ಟನ್ನ ಯಾವುದಾದರೂ ಗಿಡಕ್ಕೆ ಸುರಿದುಬಿಡಿ. ಮಂಡಿ ಉಳಿಯುತ್ತೆ. ಮಧುಗಿರಿಯ ಕಡಿದಾದ ಬಂಡೆ ಮೇಲೆ ಮಾತ್ರ ಮೊದಲ ದಿನವೇ ಹೊರೆ ಬೇಡ, ಬೆನ್ನಿನ ತೂಕ ಹಿಂದಕ್ಕೆ ಎಳೆಯುತ್ತೆ.

ಚಿಕ್ಕಬಳ್ಳಾಪುರ ಶ್ರೀ:
ಬ್ಯಾಗ್ ವಿಷಯ ನಾನು ಹೇಳ್ತೀನಿ. 55ರಿಂದ 60 ಲೀಟರ್ ಸಾಕು. ಅದಕ್ಕಿಂತ ದೊಡ್ಡದು ತಗೊಂಡರೆ ಖಾಲಿ ಜಾಗ ಕಂಡಷ್ಟೂ ತುಂಬುತ್ತಾ ಹೋಗ್ತೀರಿ. ತೂಕ ನಿಮ್ಮ ಮೈತೂಕದ ಐದನೇ ಒಂದು ಭಾಗ ದಾಟದಿರಲಿ, ಅಂದರೆ 60 ಕೆಜಿ ಇರೋರಿಗೆ ನೀರು ಸೇರಿ 12 ಕೆಜಿ. ಟೆಂಟನ್ನ ಇಬ್ಬರೂ ಹಂಚಿಕೊಳ್ಳಿ, ಬಟ್ಟೆ ಒಬ್ಬರಿಗೆ, ಕಡ್ಡಿ ಗೂಟ ಇನ್ನೊಬ್ಬರಿಗೆ.

ಅಂಗಡಿಯಲ್ಲಿ ಖಾಲಿ ಬ್ಯಾಗ್ ಹಾಕಿ ನೋಡಿ ತಗೋಬೇಡಿ, ಒಳಗೆ ಏನಾದರೂ ತೂಕ ಹಾಕಿಸಿ. ಮೊದಲು ಸೊಂಟದ ಪಟ್ಟಿ ಬಿಗಿ ಮಾಡಿ, ಅದು ಹೊಟ್ಟೆ ಮೇಲಲ್ಲ, ಎರಡೂ ಪಕ್ಕದ ಸೊಂಟದ ಮೂಳೆ ಮೇಲೆ ಕೂರಬೇಕು. ಆಮೇಲೆ ಭುಜದ ಪಟ್ಟಿ ಎಳೆಯಿರಿ. ಎಲ್ಲ ಸರಿಯಿದ್ದರೆ ಭುಜದ ಪಟ್ಟಿ ಕೆಳಗೆ ಬೆರಳು ಸಲೀಸಾಗಿ ತೂರುತ್ತೆ, ತೂಕ ಎಲ್ಲ ಸೊಂಟಕ್ಕೆ ಹೋಗಿರುತ್ತೆ. ತುಂಬೋವಾಗ ಮಲಗೋ ಚೀಲ ತಳಕ್ಕೆ, ಅಕ್ಕಿ, ಪಾತ್ರೆ, ನೀರಿನಂಥ ಭಾರದ್ದು ಮಧ್ಯದಲ್ಲಿ ಬೆನ್ನಿಗೆ ಒತ್ತಿದ ಹಾಗೆ, ಜಾಕೆಟ್ ಎಲ್ಲಕ್ಕಿಂತ ಮೇಲೆ. ಹೊರಗಡೆ ಮಗ್, ಚಪ್ಪಲಿ ನೇತು ಹಾಕೋದು ಫೋಟೋಗೆ ಚೆಂದ ಅಷ್ಟೇ, ನಡೆಯೋವಾಗ ಅದು ಗಡಗಡ ಆಡಿ ತಲೆ ಚಿಟ್ಟು ಹಿಡಿಸುತ್ತೆ.

ನಂದಿಗೆ ಸುಲ್ತಾನ್‌ಪೇಟೆ ಕಡೆಯ ಮೆಟ್ಟಿಲ ದಾರಿ ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದ್ದು. ಆದರೆ ನಂದಿ 1,478 ಮೀಟರ್ ಅಷ್ಟೇ, ಹರ್ ಕಿ ದೂನ್ ಸುಮಾರು 3,500. ಅಷ್ಟು ಎತ್ತರದ ಅಭ್ಯಾಸ ಇಲ್ಲಿ ಆಗೋ ಮಾತಲ್ಲ. ಅಲ್ಲಿ ತಲೆನೋವು, ವಾಂತಿ ಶುರುವಾದರೆ ಮೇಲೆ ಹೋಗೋದು ನಿಲ್ಲಿಸಿ, ಕಡಿಮೆ ಆಗದಿದ್ದರೆ ಕೆಳಗಿಳಿಯಿರಿ, "ಇನ್ನೊಂದು ಸ್ವಲ್ಪ ದೂರ" ಅನ್ನಬೇಡಿ.

ಬೆಟ್ಟ ಸುತ್ತೋ ಗಿರಿ:
ಸರಿ ಸರಿ, ಕರಡಿ ವಿಷಯ ಒಪ್ಪಿದೆ. ಊಟಕ್ಕೆ ಮಾತ್ರ ನನ್ನ ಮಾತು ಕೇಳು. ಆ ದುಬಾರಿ ರೆಡಿ ಪ್ಯಾಕೆಟ್ ಎಲ್ಲ ಬೇಡ, ರಾಗಿ ಹುರಿಹಿಟ್ಟು ಬೆಲ್ಲ ಒಯ್ಯಿ. ತಣ್ಣೀರಲ್ಲೇ ಕಲಸಿ ತಿನ್ನಬಹುದು, ಒಲೆ ಬೇಡ. ಜೊತೆಗೆ ಕಡ್ಲೆಕಾಯಿ ಚಿಕ್ಕಿ, ನಿಪ್ಪಟ್ಟು. ನಿಪ್ಪಟ್ಟು ಡಬ್ಬಿಯಲ್ಲಿ ಇಡು, ಇಲ್ದಿದ್ರೆ ಪುಡಿ ತಿನ್ಬೇಕಾಗುತ್ತೆ.

ಕ್ಯಾತ್ಸಂದ್ರದವನು:
ಎಲ್ಲರಿಗೂ ಥ್ಯಾಂಕ್ಸ್. ದೊಡ್ಡಪ್ಪನಿಗೆ ಫೋನ್ ಮಾಡಿದೆ, "ತೋಟದಲ್ಲಿ ಟೆಂಟ್ ಯಾಕೋ, ಮನೇಲಿ ಮಂಚ ಇಲ್ವಾ" ಅಂದರು. ಒಪ್ಪಿದ್ದಾರೆ. ಕೊನೇದು: ಗ್ಯಾಸ್ ಸಣ್ಣ ಸಿಲಿಂಡರ್ ಇಲ್ಲಿಂದಲೇ ತಗೊಂಡು ಹೋಗಬಹುದಾ?

ಚಿಕ್ಕಬಳ್ಳಾಪುರ ಶ್ರೀ:
ವಿಮಾನದಲ್ಲಿ ಬಿಡಲ್ಲ, ಚೆಕ್ ಇನ್ ಬ್ಯಾಗಲ್ಲೂ ಬಿಡಲ್ಲ. ರೈಲಲ್ಲೂ ಒಯ್ಯೋ ಹಾಗಿಲ್ಲ. ಡೆಹ್ರಾಡೂನ್‌ನಲ್ಲೇ ಕೊಳ್ಳಿ. ಸ್ಟವ್ ಮಾತ್ರ ಇಲ್ಲಿಂದ ಒಯ್ಯಿರಿ, ಗ್ಯಾಸ್ ವಾಸನೆ ಹೋಗೋ ಹಾಗೆ ಚೆನ್ನಾಗಿ ಒರೆಸಿ. ತೋಟದಲ್ಲಿ ಯಾವ ಥರದ ಸಿಲಿಂಡರ್ ಬಳಸಿದ್ರಿ ಅಂತ ಫೋಟೋ ಇಟ್ಕೊಳ್ಳಿ. ಸಿಲಿಂಡರ್ ಬಾಯಿ ಒಂದೊಂದು ಒಂದೊಂದು ಥರ, ಅಲ್ಲಿ ಸಿಕ್ಕಿದ್ದು ನಿಮ್ಮ ಸ್ಟವ್‌ಗೆ ಕೂರದಿದ್ದರೆ ಕಷ್ಟ.