‘ಕೊಯ್ತಾ’ಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಮರಾಠಿಯ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಗಡಿ ದಾಟಿ ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಕಡಿಯಲು ಬರುವವರ ಬಗ್ಗೆ. ಅದರಲ್ಲಿ ಪುಟಕ್ಕೆ ನಾಲ್ಕು ಸಲ ಬರುವ ಪದ ‘ಕೊಯ್ತಾ’. ಅಲ್ಲೇ ಸಿಕ್ಕಿಕೊಂಡಿದ್ದೇನೆ.

ಕೊಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ. ನಮ್ಮ ‘ಕೊಯ್’ ಅದರಲ್ಲಿ ಕೇಳಿಸುತ್ತದೆ, ಅಲ್ವಾ? ತೊಡಕು ಇರುವುದು ಇನ್ನೊಂದು ಅರ್ಥದಲ್ಲಿ. ಮುಕಾದಮ, ಅಂದರೆ ಆಳುಗಳನ್ನು ಕರೆತರುವ ಮೇಸ್ತ್ರಿ, ‘ನನ್ನ ಹತ್ರ ಹತ್ತು ಕೊಯ್ತಾ ಇದೆ’ ಅಂದರೆ ಹತ್ತು ಕತ್ತಿಯಲ್ಲ, ಹತ್ತು ಗಂಡ-ಹೆಂಡತಿ. ಒಬ್ಬರೇ ಬಂದರೆ ‘ಅರ್ಧಾ ಕೊಯ್ತಾ’. ಗಂಡ ಕಡಿಯುತ್ತಾನೆ. ಹೆಂಡತಿ ರವದಿ (ಕಬ್ಬಿನ ಒಣ ಗರಿ) ತೆಗೆದು, ಹೊರೆ ಕಟ್ಟಿ, ತಲೆ ಮೇಲೆ ಹೊತ್ತು ಟ್ರ್ಯಾಕ್ಟರಿಗೆ ಏರಿಸುತ್ತಾಳೆ. ಕೂಲಿ ಟನ್ ಲೆಕ್ಕ, ಅದೂ ಇಬ್ಬರಿಗೂ ಸೇರಿಸಿ. ಅವಳ ಪಾಲು ಎಷ್ಟು ಅಂತ ಲೆಕ್ಕದಲ್ಲಿ ಎಲ್ಲೂ ಬೇರೆಯಾಗಿ ಕಾಣುವುದಿಲ್ಲ.

‘ದಂಪತಿ’ ಅಂದರೆ ಪೂಜೆಗೆ ಕೂರಿಸಿದ ಹಾಗಾಗುತ್ತದೆ. ‘ಜೋಡಿ’ ಪರವಾಗಿಲ್ಲ, ಎತ್ತಿನ ಜೋಡಿಯಾದರೂ ನೆನಪಾಗುತ್ತದೆ, ಆದರೆ ಕತ್ತಿ ಬಿಟ್ಟುಹೋಯಿತು. ನಮ್ಮಲ್ಲಿ ‘ಒಂದು ಕೂರಿಗೆ ಹೊಲ’ ಅನ್ನುತ್ತೇವೆ. ಅಲ್ಲಿ ಬಿತ್ತುವ ಸಾಧನದಿಂದ ನೆಲ ಅಳೆಯುತ್ತೇವೆ. ಹಾಗೆ ಕೈಯಲ್ಲಿರುವ ಸಾಧನದಿಂದ ಮನುಷ್ಯರನ್ನು ಎಣಿಸುವ ಪದ ಕನ್ನಡದಲ್ಲಿ ಇದೆಯಾ?

ಇನ್ನೊಂದು ‘ಉಚಲ್’. ಹಂಗಾಮು ಶುರುವಾಗುವ ಮೊದಲೇ ಮುಕಾದಮ ಕೊಡುವ ದುಡ್ಡು. ಉಚಲಣೆ ಅಂದರೆ ಎತ್ತುವುದು. ನಾವೂ ‘ಸಾಲ ಎತ್ತಿದೆ’ ಅನ್ನುತ್ತೇವೆ. ಹಾಗಾಗಿ ‘ಮುಂಗಡ’ ಹಾಕಲು ಮನಸ್ಸು ಬರುತ್ತಿಲ್ಲ. ಮುಂಗಡ ಕೊಟ್ಟು ಸೋಫಾ ಕಾಯ್ದಿರಿಸಬಹುದು. ಉಚಲ್ ತೀರದಿದ್ದರೆ ಮುಂದಿನ ವರ್ಷವೂ ಅದೇ ಮುಕಾದಮನ ಹಿಂದೆ ಹೋಗಬೇಕು. ಸುಮ್ನೆ ‘ಜೀತ’ ಅಂದುಬಿಡೋಣವೇ ಅಂತಲೂ ಅನಿಸಿತು. ಮುಂಗಡಕ್ಕೆ ಕಟ್ಟಿಬಿದ್ದ ದುಡಿಮೆಯನ್ನು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಜೀತ ಅಂತಲೇ ನೋಡುತ್ತದೆ. ಆದರೆ ಈ ಪದದ ಕಥೆಯೇ ಬೇರೆ. ‘ಜೀವಿತ’ದಿಂದ ಬಂದ ಜೀತ ಮೊದಲು ಬರೀ ಸಂಬಳ. ತೆಲುಗಿನವರು ಇವತ್ತಿಗೂ ತಿಂಗಳ ಸಂಬಳಕ್ಕೆ ‘ಜೀತಂ’ ಅನ್ನುತ್ತಾರೆ. ನಮ್ಮಲ್ಲಿ ಮಾತ್ರ ಅದಕ್ಕೆ ಸಂಕೋಲೆ ಬಿತ್ತು.

‘ಖಾಡಾ’ ಕೂಡ ಇದೆ. ಮೂಲ ಅರ್ಥ ಗೈರು. ಇಲ್ಲಿ ಒಂದು ದಿನ ಕೆಲಸ ತಪ್ಪಿದರೆ ಮುರಿದುಕೊಳ್ಳುವ ದುಡ್ಡು, ಮುಟ್ಟಿನ ನೋವಿಗೆ ಮಲಗಿದರೂ ಸರಿಯೇ. ‘ಚಕ್ಕರ್’ ಅಂತ ಬರೆದು ಅಳಿಸಿದೆ. ಅದರಲ್ಲಿ ತುಂಟತನ ಜಾಸ್ತಿ.

ಸದ್ಯಕ್ಕೆ ಕೊಯ್ತಾ, ಉಚಲ್ ಎರಡನ್ನೂ ಹಾಗೇ ಇಟ್ಟಿದ್ದೇನೆ. ಅಥಣಿ, ರಾಯಬಾಗ, ಜಮಖಂಡಿ ಕಡೆಯವರು ಈ ಗುಂಪಿನಲ್ಲಿ ಇದ್ದೀರಲ್ಲ, ನಿಮ್ಮ ಹೊಲಕ್ಕೆ ಬಂದ ಗ್ಯಾಂಗನ್ನು ಎಣಿಸುವಾಗ ಏನಂತೀರಿ? ಪುಸ್ತಕದ ಪದ ಬೇಡ, ಬದುವಿನ ಮೇಲೆ ನಿಂತು ಆಡುವ ಮಾತು ಬೇಕು.