‘ವೇರಿಯಂಟ್’: ರೂಪಾಂತರಿಯೋ, ಪಾಠಾಂತರವೋ?

ಎಲ್ಲರಿಗೂ ನಮಸ್ಕಾರ.

ಜೀನ್ ಪರೀಕ್ಷೆ ಮಾಡಿಸಿಕೊಳ್ಳುವವರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ವೇರಿಯಂಟ್’ (ಜೀನಿನ ಬರಹದಲ್ಲಿ ಒಬ್ಬರಿಂದೊಬ್ಬರಿಗೆ ಕಾಣುವ ವ್ಯತ್ಯಾಸ) ಕಂಡಲ್ಲೆಲ್ಲ ‘ರೂಪಾಂತರಿ’ ಅಂತ ಬರೆದುಕೊಂಡು ಹೋದೆ. ಕರಡು ಓದಿದ ಚಿಕ್ಕಮ್ಮ, “ಇದೂ ಕೊರೊನಾ ಥರ ಅಂಟುತ್ತೇನೋ?” ಅಂದರು.

ಅವರ ತಪ್ಪೇನಿಲ್ಲ. 2021ರಲ್ಲಿ ಡೆಲ್ಟಾ, ಓಮೈಕ್ರಾನ್ ಕಾಲದಲ್ಲಿ ಟೀವಿಯವರು ಹಗಲೂ ರಾತ್ರಿ ಜಪಿಸಿದ ಪದ ಅದು. ಕೊನೆಯ ‘ಇ’ಕಾರ ಬೇರೆ ಸೇರಿ, ವೇಷ ಮರೆಸಿಕೊಂಡು ಬರುವ ಮಾಯಾವಿಯ ಹಾಗೆ ಕೇಳಿಸುತ್ತದೆ.

ಮೂಲ ಪದದಲ್ಲಿ ಈ ಭಯವಿಲ್ಲ. ಜೀನಿನ ಬದಲಾವಣೆಗೆ ‘ಮ್ಯುಟೇಶನ್’ ಅಂದರೆ ಜನ ಕೆಟ್ಟದ್ದೆಂದೇ ಊಹಿಸುತ್ತಾರೆ, ಅದರ ಬದಲು ‘ವೇರಿಯಂಟ್’ ಬಳಸಿ ಎಂದು ಅಮೆರಿಕದ ವೈದ್ಯಕೀಯ ತಳಿವಿಜ್ಞಾನಿಗಳ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಹೇಳಿತು. ವೇರಿಯಂಟ್‌ಗಳಿಗೆ ರೋಗಕಾರಕದಿಂದ ನಿರುಪದ್ರವಿಯವರೆಗೆ ಐದು ದರ್ಜೆ. ಪದ ಮಾತ್ರ ಯಾವ ಕಡೆಗೂ ವಾಲುವುದಿಲ್ಲ.

ಸಂಸ್ಕೃತದಲ್ಲಿ ಸಮಾಸದ ಕೊನೆಗೆ ಬರುವ ‘ಅಂತರ’ಕ್ಕೆ ‘ಇನ್ನೊಂದು’ ಎಂಬ ಅರ್ಥವುಂಟು. ಆ ಲೆಕ್ಕದಲ್ಲಿ ‘ರೂಪಾಂತರ’ ಸರಿಯಾದ ಪದವೇ. ಆದರೆ ಭಾಷಾಂತರ, ಮತಾಂತರ, ರೂಪಾಂತರ ಇವಕ್ಕೆಲ್ಲ ನಾವು ‘ಮಾಡು’, ‘ಆಗು’ ಹಚ್ಚಿ ಕೆಲಸದ ಪದಗಳಾಗಿಸಿಕೊಂಡಿದ್ದೇವೆ. ‘ಪಾಠಾಂತರ’ ಒಂದು ಹೇಗೋ ಪಾರಾಗಿದೆ. ಹಳೆಯ ಕಾವ್ಯದ ಒಂದು ಹಸ್ತಪ್ರತಿಯಲ್ಲಿ ಹೀಗಿದೆ, ಇನ್ನೊಂದರಲ್ಲಿ ಹಾಗಿದೆ, ಅಷ್ಟೇ. ಅಡಿಟಿಪ್ಪಣಿಯಲ್ಲಿ ಅದನ್ನು ನೋಡಿ ಯಾರೂ ಬೆಚ್ಚುವುದಿಲ್ಲ.

ಜೀನ್ ಕೂಡ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಓಲೆ ತಾನೆ? ರಕ್ತದ ಹಿಮೋಗ್ಲೋಬಿನ್ನಿನ ಒಂದು ಭಾಗವಾದ ಬೀಟಾ ಗ್ಲೋಬಿನ್‌ನ ಜೀನಿನಲ್ಲಿ ಒಂದು ಕಡೆ ‘ಜಿಎಜಿ’ ಇರುವಲ್ಲಿ ‘ಜಿಟಿಜಿ’ ಇದ್ದರೆ ಅದು ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯ ವೇರಿಯಂಟ್. ತಂದೆ ತಾಯಿ ಇಬ್ಬರಿಂದಲೂ ಅದೇ ಪಾಠ ಬಂದರೆ ಕಾಯಿಲೆ. ಒಬ್ಬರಿಂದ ಬಂದರೆ ಸಾಮಾನ್ಯವಾಗಿ ವಾಹಕರಷ್ಟೇ. ಒಂದಕ್ಷರದ ಪಾಠಾಂತರ! ನನಗಂತೂ ಈ ಪದದ ಮೇಲೆ ಮೋಹ. ಆದರೆ ಹಸ್ತಪ್ರತಿಯ ಗಂಧವಿಲ್ಲದವರಿಗೆ ಶಾಲೆಯ ‘ಪಾಠ’ವೇ ನೆನಪಾದೀತು.

‘ಪ್ರಭೇದ’ ಆಗಲೇ ಜೀವಿಗಳ ‘ಸ್ಪೀಶೀಸ್’ಗೆ ಸಂದಿದೆ, ‘ತಳಿ’ ರಾಗಿ, ಹಸುಗಳಿಗೆ. ಕಾರಿನ ವೇರಿಯಂಟ್‌ಗೆ ಜನ ‘ಟಾಪ್ ಮಾಡೆಲ್’ ಅಂದು ಮುಗಿಸುತ್ತಾರೆ, ಅವರೇ ಜಾಣರು. ಉಳಿದದ್ದು ‘ರೂಪಭೇದ’. ಮನೆಗೆ, ಮರಕ್ಕೆ, ಊರಿಗೆ ಎನ್ನುವಾಗ ‘ಗೆ’, ‘ಕ್ಕೆ’, ‘ಇಗೆ’ ಒಂದೇ ಪ್ರತ್ಯಯದ ರೂಪಭೇದಗಳು ಎನ್ನಬಹುದು, ಅಲ್ಲಿ ಯಾವುದೂ ಕೆಟ್ಟದ್ದಲ್ಲ. ಸದ್ಯಕ್ಕೆ ಅದನ್ನೇ ಹಾಕಿದ್ದೇನೆ.

ಬಲ್ಲವರು ಎರಡು ವಿಷಯ ತಿಳಿಸಿ. ವೈದ್ಯಕೀಯ ಬರಹದಲ್ಲಿ ‘ರೂಪಭೇದ’ ಬಳಸಿದವರು ಇದ್ದಾರೆಯೇ? ಐದರ ನಡುವಿನ ದರ್ಜೆ, ಅಂದರೆ ಒಳ್ಳೆಯದೋ ಕೆಟ್ಟದ್ದೋ ಇನ್ನೂ ತೀರ್ಮಾನವಾಗದ ವೇರಿಯಂಟ್‌ಗೆ ಏನೆನ್ನೋಣ? ‘ಅನಿಶ್ಚಿತ ಮಹತ್ವದ ರೂಪಭೇದ’ ಅಂತ ಬರೆದದ್ದನ್ನು ಚಿಕ್ಕಮ್ಮನಿಗೆ ತೋರಿಸಲು ಧೈರ್ಯ ಸಾಲುತ್ತಿಲ್ಲ.