ಫಾರ್ಮ್ ಕೊಟ್ಟರೆ ಹೋಯಿತು ಅಂತ ಅಲ್ಲ

ಹಾಂ, ಕೆಂಪು ಚುಕ್ಕಿ ಬಂತು. ರೆಕಾರ್ಡ್ ಆಗ್ತಾ ಉಂಟು ಅಂತ ಲೆಕ್ಕ.

ತಂಗೀ, ನೀನು ನಿನ್ನೆ ರಾತ್ರಿ ಗ್ರೂಪಿಗೆ ಹಾಕಿದ್ದನ್ನು ನಾನು ಬೆಳಿಗ್ಗೆ ಓದಿದೆ. ಮಗಳು ಪುಟ್ಟಿಯ ಕಾಲೇಜಿನ ವಾಟ್ಸಾಪಿಗೆ ದಿನಕ್ಕೊಂದು ನೋಟಿಸ್ ಬೀಳ್ತದೆ, ಆನರ್ಸ್ ಮಕ್ಕಳಿಗೆ ಸಮ್ಮರ್ ಫೆಲೋಶಿಪ್ಪಂತೆ, ಸೆಮಿನಾರಂತೆ, ಫೆಸ್ಟಂತೆ, ಎಂಟ್ರೆನ್ಸಂತೆ, ಯಾವುದಕ್ಕೆ ಹಾಕುವುದು ಯಾವುದನ್ನು ಬಿಡುವುದು ಗೊತ್ತಾಗುವುದಿಲ್ಲ, ಕೊನೆಗೆ ಎಲ್ಲವೂ ಕೈತಪ್ಪಿ ಹೋದ್ರೆ ಎಂತ ಮಾಡುವುದು ಅಕ್ಕಾ, ನಿದ್ರೆ ಬರುವುದಿಲ್ಲ ಅಂತ. ಅದಕ್ಕೆ ಕಾರ್ಕಳ ಅಣ್ಣ ಒಂದು ಹೆಬ್ಬೆಟ್ಟು ಒತ್ತಿದ. ಕಟಪಾಡಿ ಅಕ್ಕ ಕೈಮುಗಿಯುವ ಚಿತ್ರ ಹಾಕಿದಳು. ಇದಕ್ಕೆ ಕೈಮುಗಿದು ಎಂತ ಆಗ್ಲಿಕ್ಕುಂಟು ಮಾರಾಯ್ತಿ? ಟೈಪ್ ಮಾಡ್ಲಿಕ್ಕೆ ನನ್ನ ಬೆರಳು ಕೇಳುವುದಿಲ್ಲ, ಹಾಗೆ ವಾಯ್ಸೇ ಹಾಕ್ತಾ ಇದ್ದೇನೆ. ಉದ್ದ ಆದ್ರೆ ಎರಡು ಸ್ಪೀಡಿನಲ್ಲಿ ಇಟ್ಟು ಕೇಳಿ. ನೀವೆಲ್ಲ ಹಾಗೆಯೇ ಕೇಳುವುದಂತೆ, ಮೊಮ್ಮಗ ಹೇಳಿದ.

ಪುಟ್ಟಿಯ ವಿಷಯ ಹೊಸತಾಗಿ ಹೇಳ್ಲಿಕ್ಕೆ ಎಂತದೂ ಇಲ್ಲ. 2023ರಲ್ಲಿ ಸೇರಿದವಳು, ಬಾಟನಿ ಕೆಮಿಸ್ಟ್ರಿ, ಈಗ ಐದನೇ ಸೆಮಿಸ್ಟರ್. 2024ರಲ್ಲಿ ಸೇರಿದವರಿಗೆ ಸರ್ಕಾರ ಪುನಃ ಮೂರೇ ವರ್ಷದ ಡಿಗ್ರಿ ಮಾಡಿತು, ಇವಳ ಬ್ಯಾಚಿನವರೆಗೆ ಮಾತ್ರ ನಾಲ್ಕನೇ ವರ್ಷ ಆನರ್ಸ್ ಅಂತ ಉಂಟು. ಅದೆಲ್ಲ ನಾವು ಗೃಹಪ್ರವೇಶದ ದಿನ ಮಾತಾಡಿ ಆಗಿದೆ. ಮತ್ತೆ ನೋಟಿಸ್ ಬಂದದ್ದಕ್ಕೆಲ್ಲ ಹೆದರ್ಲಿಕ್ಕೆ ಹೋಗ್ಬೇಡ. ಮದುವೆ ಊಟದಲ್ಲಿ ಮೊದಲು ಬಂದ ಚಿತ್ರಾನ್ನವನ್ನೇ ರಾಶಿ ಹಾಕಿಸಿಕೊಂಡವರಿಗೆ ಪಾಯಸ ಬರುವಾಗ ಹೊಟ್ಟೆಯಲ್ಲಿ ಜಾಗ ಇರುವುದಿಲ್ಲ, ಅಷ್ಟೇ ವಿಷಯ.

ನನ್ನ ಹೆದರಿಕೆ ಬೇರೆ. ಅದನ್ನು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ.

ನಾನು ಬಿಎಸ್ಸಿ ಮಾಡುವಾಗ ಮಂಗಳೂರು ಯೂನಿವರ್ಸಿಟಿ ಅಂತಲೇ ಇರಲಿಲ್ಲ. ಅದು ಆದದ್ದು 1980ರಲ್ಲಿ. ನಮ್ಮದೆಲ್ಲ ಮೈಸೂರು ಯೂನಿವರ್ಸಿಟಿ, ಕೊಣಾಜೆಯಲ್ಲಿ ಇದ್ದದ್ದು ಮೈಸೂರಿನವರದ್ದೇ ಪಿಜಿ ಸೆಂಟರ್. ಮಾರ್ಕ್ಸ್ ಕಾರ್ಡಿಗೆ, ಒಂದು ಸಹಿಗೆ, ಎಲ್ಲಕ್ಕೂ ಮೈಸೂರಿನ ಕಡೆಗೆ ಮುಖ ಮಾಡಿ ಕೂತುಕೊಳ್ಳುವ ಕಾಲ. ಆಗ ನಮ್ಮ ಬಾಟನಿ ಸರ್ ಒಂದು ದಿನ ಕ್ಲಾಸಿಗೆ ಒಂದು ಕಾಗದ ಹಿಡ್ಕೊಂಡು ಬಂದ್ರು. ಬೇಸಿಗೆ ರಜೆಯಲ್ಲಿ ಬೆಂಗಳೂರಿನಲ್ಲಿ ಒಂದು ದೊಡ್ಡ ಲ್ಯಾಬಿನಲ್ಲಿ ಡಿಗ್ರಿ ಮಕ್ಕಳಿಗೆ ತರಬೇತಿ, ಉಳಿಯುವ ವ್ಯವಸ್ಥೆ ಅವರದ್ದೇ. ನನ್ನ ಕಡೆ ನೋಡಿ, ನೀನು ಹಾಕು ಅಂದ್ರು. ಇಡೀ ಕ್ಲಾಸಿನಲ್ಲಿ ನನ್ನೊಬ್ಬಳಿಗೆ ಹೇಳಿದ್ದು.

ಅಪ್ಪನನ್ನು ಒಪ್ಪಿಸಿದ್ದೇ ಒಂದು ಕಥೆ, ಅದು ನಿಮಗೆಲ್ಲ ಗೊತ್ತುಂಟು. ನಾನು ಫುಲ್‌ಸ್ಕೇಪ್ ಕಾಗದದಲ್ಲಿ ಅರ್ಜಿ ಬರೆದೆ, ಕಾರ್ಬನ್ ಇಟ್ಟು. ಉಡುಪಿಯ ರಥಬೀದಿ ಹತ್ತಿರ ಸ್ಟುಡಿಯೋಕ್ಕೆ ಹೋಗಿ ಫೋಟೋ ತೆಗೆಸಿದ್ದು, ಅಮ್ಮ ಎರಡು ಜಡೆ ಹಾಕಿ ಮಲ್ಲಿಗೆ ಮುಡಿಸಿದ್ದಳು. ಲ್ಯಾಬಿಗೆ ಹೋಗುವ ಅರ್ಜಿಗೆ ಮಲ್ಲಿಗೆ ಯಾಕೆ ಅಂತ ಆಗ ಯಾರಿಗೂ ತೋಚಲಿಲ್ಲ. ಸರ್ ಪತ್ರ ಬರೆದು ಕೊಟ್ರು. ಅರ್ಜಿಯ ಮೇಲೆ ಥ್ರೂ ಪ್ರಾಪರ್ ಚಾನೆಲ್ ಅಂತ ಬರೀಬೇಕಿತ್ತು, ಅಂದ್ರೆ ಕಾಲೇಜಿನ ಆಫೀಸಿನಿಂದಲೇ ಹೋಗ್ಬೇಕು. ನಾನು ಎಲ್ಲ ಸೇರಿಸಿ ಪಿನ್ ಹೊಡೆದು ಆಫೀಸಿನಲ್ಲಿ ಕೊಟ್ಟೆ. ಅಲ್ಲಿದ್ದವರು ತಲೆ ಎತ್ತದೆ, ಇಟ್ಟು ಹೋಗಮ್ಮ, ಕಳಿಸ್ತೇವೆ ಅಂದ್ರು. ಇಟ್ಟು ಬಂದೆ.

ಮಾರ್ಚ್ ಹೋಯ್ತು, ಏಪ್ರಿಲ್ ಹೋಯ್ತು. ಪೋಸ್ಟ್‌ಮ್ಯಾನ್ ಗದ್ದೆಯ ಹುಣಿಯಲ್ಲಿ ಬರುವಾಗಲೆಲ್ಲ ನಾನು ಚಾವಡಿಗೆ ಓಡುವುದು. ಆಯ್ಕೆ ಆಗ್ಲಿಲ್ಲ ಕಾಣ್ತದೆ ಅಂತ ಎಲ್ಲರೂ ಅಂದ್ರು, ನಾನೂ ಹಾಗೇ ತಿಳ್ಕೊಂಡೆ. ಜೂನಿನಲ್ಲಿ, ಜೋರು ಮಳೆ, ಎಂತದೋ ಸರ್ಟಿಫಿಕೇಟಿಗೆ ಅಂತ ಅದೇ ಆಫೀಸಿಗೆ ಹೋದೆ. ಅವರು ಫೀಸಿನ ದೊಡ್ಡ ರಿಜಿಸ್ಟರ್ ಎಳೆದ್ರು ನೋಡು, ಅದರ ಅಡಿಯಿಂದ ನನ್ನ ಅರ್ಜಿ ಜಾರಿ ಕೆಳಗೆ ಬಿತ್ತು. ಇಟ್ಟಲ್ಲೇ ಇತ್ತು. ಸರ್ ಬರೆದ ಪತ್ರವೂ ಹಾಗೇ ಇತ್ತು. ನಮ್ಮ ಊರಿನ ಮಳೆಗೆ ಪಿನ್ನು ತುಕ್ಕು ಹಿಡಿದು, ಫೋಟೋದಲ್ಲಿ ನನ್ನ ಹಣೆಯ ಮೇಲೆ ಕಂದು ಬಣ್ಣದ ಕಲೆ, ಕುಂಕುಮ ಕದಡಿದ ಹಾಗೆ. ಅವರು ಹೆಕ್ಕಿ ನೋಡಿದ್ರು. ಓ, ಇದು ನಿಮ್ಮದಾ, ತಗೊಳ್ಳಿ ಅಂದ್ರು. ತಗೊಳ್ಳಿ! ಚೀಟಿ ವಾಪಸ್ ಕೊಟ್ಟ ಹಾಗೆ. ಆ ಅರ್ಜಿ ನನ್ನ ಟ್ರಂಕಿನಲ್ಲಿ ಈಗಲೂ ಉಂಟು, ಬೇಕಾದವರು ಬಂದು ನೋಡಿ.

ಅದಕ್ಕೆ ಹೇಳುವುದು ಪುಟ್ಟೀ, ಕೇಳ್ತಾ ಇದ್ದೀಯಲ್ಲ? ಕೊಟ್ಟದ್ದು ಹೋದ ಹಾಗೆ ಅಲ್ಲ. ನೀನು ಕೊಟ್ಟು ಬಂದ್ರೆ ಅರ್ಧ ಕೆಲಸ. ಅದು ಹೋಯಿತಾ, ಸೇರುವಲ್ಲಿ ಸೇರಿತಾ ಅಂತ ನೋಡುವುದು ಇನ್ನರ್ಧ.

ಈಗ ಎಲ್ಲ ಆನ್‌ಲೈನ್ ದೊಡ್ಡಮ್ಮ, ಯಾವ ರಿಜಿಸ್ಟರಿನ ಅಡಿಯೂ ಇಲ್ಲ ಅಂತ ನೀನು ಹೇಳ್ತೀ. ಹೋದ ವರ್ಷ ಕಟಪಾಡಿ ಅಕ್ಕನ ಮೊಮ್ಮಗಳದ್ದು ಎಂತ ಆಯ್ತು? ಫಾರ್ಮ್ ತುಂಬಿಸಿದ್ಲು, ಸಬ್ಮಿಟ್ ಒತ್ತಿದ್ಲು, ಆಯ್ತು ಅಂತ ಪಾರ್ಟಿಯೂ ಆಯ್ತು. ಅವಳ ಪ್ರೊಫೆಸರಿಗೆ ಒಂದು ಲಿಂಕ್ ಹೋಗಿತ್ತು, ಶಿಫಾರಸು ಪತ್ರ ಅಪ್‌ಲೋಡ್ ಮಾಡ್ಲಿಕ್ಕೆ. ಅದು ಅವರ ಸ್ಪ್ಯಾಮಿನಲ್ಲಿ ಬಿದ್ದಿತ್ತು. ಪತ್ರ ಬಾರದ ಅರ್ಜಿ ಅಪೂರ್ಣ, ಯಾರೂ ಓದ್ಲಿಕ್ಕೂ ಇಲ್ಲ. ರಿಜಿಸ್ಟರಿನ ಅಡಿ ಹೋಗಿ ಸ್ಪ್ಯಾಮ್ ಬಂತು, ಅಷ್ಟೇ ವ್ಯತ್ಯಾಸ. ಕೊಟ್ಟದ್ದು ಹೋದ ಹಾಗೆ ಅಲ್ಲ ಅಂತ ನಾನು ಸುಮ್ಮನೆ ಹೇಳುವುದಲ್ಲ.

ಮತ್ತೆ ಮುಂದಿನ ವರ್ಷ ಹಾಕಿದ್ರಾಯ್ತು ಅಂತ ಅಪ್ಪ ಆಗ ಹೇಳಿದ್ರು. ಮುಂದಿನ ವರ್ಷ ಎಲ್ಲಿಂದ? ಆ ವರ್ಷ ಅಣ್ಣನನ್ನು ಎಂಎಸ್ಸಿಗೆ ಮೈಸೂರಿಗೆ ಕಳಿಸಿದ್ರು. ಅಣ್ಣಾ, ನೀನು ಇದನ್ನು ಕೇಳ್ತೀ ಅಂತ ಗೊತ್ತುಂಟು, ಬೇಸರ ಮಾಡ್ಬೇಡ. ನನ್ನ ಮಾರ್ಕು ನಿನ್ನದಕ್ಕಿಂತ ಜಾಸ್ತಿ ಇತ್ತು, ಅದು ಲೆಕ್ಕ. ಇಬ್ಬರನ್ನು ಓದಿಸ್ಲಿಕ್ಕೆ ಆ ವರ್ಷದ ಅಡಿಕೆ ಸಾಲ್ಲಿಲ್ಲ, ಕೊಳೆರೋಗದಲ್ಲಿ ಅರ್ಧ ಉದುರಿತ್ತು, ಅದೂ ಲೆಕ್ಕ. ಆದ್ರೆ ನೀನು ಒಂದು ವರ್ಷಕ್ಕೇ ಹಾಸ್ಟೆಲ್ ಊಟ ಆಗುವುದಿಲ್ಲ ಅಂತ ವಾಪಸ್ ಬಂದು ತೋಟಕ್ಕೆ ಇಳಿದ್ಯಲ್ಲ, ಆಗ ಯಾರಾದ್ರೂ ನನ್ನ ಹತ್ರ, ನೀನು ಹೋಗ್ತೀಯಾ ಅಂತ ಕೇಳಿದ್ರಾ? ನನಗೆ ಅಷ್ಟರಲ್ಲಿ ಜಾತಕ ಹೊರಟಿತ್ತು.

ಹೋಗ್ಲಿ. ಮಕ್ಕಳಿಗೆ ವಿಜ್ಞಾನ ಪಾಠ ಮಾಡಿ ರಿಟೈರ್ಡೂ ಆದೆ. ಆದ್ರೆ ಈ ಮನೆಯಲ್ಲಿ ಯಾರ ಫಾರ್ಮ್ ನಾನು ತುಂಬಿಸಲಿಲ್ಲ ಹೇಳಿ ನೋಡುವ. ಸಿಇಟಿ ಯಾರದ್ದು, ಪಾಸ್‌ಪೋರ್ಟ್ ಯಾರದ್ದು, ಸ್ಕಾಲರ್‌ಶಿಪ್ಪಿಗೆ ಆಧಾರಿನ ಹೆಸರೂ ಮಾರ್ಕ್ಸ್ ಕಾರ್ಡಿನ ಹೆಸರೂ ತಾಳೆ ಆಗುವುದಿಲ್ಲ ಅಂತ ಸೈಬರ್ ಸೆಂಟರಿನಲ್ಲಿ ನಿಂತದ್ದು ಯಾರು? ಫಾರ್ಮ್ ತುಂಬಿಸ್ಲಿಕ್ಕೆ ದೊಡ್ಡಮ್ಮ ಬೇಕು, ಪೇಡ ಕೊಡ್ಲಿಕ್ಕೆ ನೆನಪಾಗುವುದಿಲ್ಲ. ಅಕ್ಕನ ಮಗನಿಗೆ ಕೆಲಸ ಸಿಕ್ಕಿದ್ದು ನನಗೆ ಸ್ಟೇಟಸ್ ನೋಡಿ ಗೊತ್ತಾದದ್ದು. ಹಲಸಿನ ಹಪ್ಪಳ ಹಾಕಿ ಕಳಿಸಿದ ಸ್ಟೀಲಿನ ಡಬ್ಬವೂ ಕಟಪಾಡಿಯಿಂದ ಬರಲಿಲ್ಲ. ಅಮ್ಮನ ಹೆಸರು ಕೊರೆಸಿದ ಡಬ್ಬ ಅದು. ಹಪ್ಪಳ ಹೋಗ್ಲಿ, ಡಬ್ಬ ಕಳಿಸಿ.

ಎಂತ ಹೇಳ್ತಾ ಇದ್ದೆ? ಹಾಂ, ಪುಟ್ಟಿ ಎಂತಕ್ಕೆ ಹಾಕ್ಬೇಕು ಅಂತ ತಂಗಿ ಕೇಳಿದ್ದು.

ಪುಟ್ಟೀ, ಮೊದಲು ಮೂರು ವಿಜ್ಞಾನ ಅಕಾಡೆಮಿಯವರು ಸೇರಿ ಕೊಡುವ ಸಮ್ಮರ್ ರಿಸರ್ಚ್ ಫೆಲೋಶಿಪ್. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ಅದು ಸಿ. ವಿ. ರಾಮನ್ 1934ರಲ್ಲಿ ಕಟ್ಟಿದ್ದು, ಮತ್ತೆ ದೆಹಲಿಯದ್ದು, ಪ್ರಯಾಗರಾಜ್‌ನದ್ದು. ಬೇಸಿಗೆಯಲ್ಲಿ ಎರಡು ತಿಂಗಳು ಒಬ್ಬ ವಿಜ್ಞಾನಿಯ ಲ್ಯಾಬಿನಲ್ಲಿ ಕೆಲಸ. ಸ್ಟೈಪೆಂಡ್ ಕೊಡ್ತಾರೆ, ರೈಲಿನ ಖರ್ಚೂ. ಕೆಲಸ ಬೇಸಿಗೆಯಲ್ಲಿ ಆದ್ರೂ ಅರ್ಜಿ ಸಾಮಾನ್ಯವಾಗಿ ನವೆಂಬರಿನಲ್ಲೇ ಮುಗೀತದೆ, ಹೆಚ್ಚಿನ ಮಕ್ಕಳಿಗೆ ತಪ್ಪುವುದು ಅಲ್ಲಿಯೇ. ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಸಂಶೋಧನಾ ಸೆಂಟರಿನವರದ್ದೂ ಇಂಥದ್ದೇ ಬೇಸಿಗೆ ಫೆಲೋಶಿಪ್ ಉಂಟು, ಅದನ್ನೂ ನೋಡು. ಯಾವುದಕ್ಕೆ ಯಾವ ಸೆಮಿಸ್ಟರಿನವರು ಹಾಕಬಹುದು ಅಂತ ಆ ವರ್ಷದ ಪ್ರಕಟಣೆಯಲ್ಲಿ ನೀನೇ ಓದ್ಬೇಕು, ಗೆಳತಿ ಹೇಳಿದ್ದನ್ನು ನಂಬುವುದಲ್ಲ.

ಅದರಲ್ಲಿ ನಿನಗೆ ಎಂತ ಮಾಡ್ಬೇಕು ಅಂತ ಒಂದು ಸಣ್ಣ ಬರಹ ಕೇಳ್ತಾರೆ. ಸಣ್ಣಂದಿನಿಂದ ನನಗೆ ವಿಜ್ಞಾನದಲ್ಲಿ ಆಸಕ್ತಿ ಅಂತ ಸುರು ಮಾಡ್ಬೇಡ, ಅದನ್ನು ಎಲ್ಲರೂ ಬರೀತಾರೆ. ಮಾವನ ತೋಟಕ್ಕೆ ಹೋಗು. ಅಡಿಕೆ ಕೊಳೆರೋಗ ಫೈಟಾಫ್ಥೊರಾ ಅಂತ ಒಂದು ಸೂಕ್ಷ್ಮಜೀವಿಯಿಂದ ಬರುವುದು ಅಂತ ನೀನು ಓದಿದ್ದೀ. ಮೈಲುತುತ್ತು ಸುಣ್ಣ ಕಲಸಿ ಶೇಕಡಾ 1ರ ಬೋರ್ಡೋ ದ್ರಾವಣ ಮಳೆಗೆ ಮೊದಲು ಒಮ್ಮೆ ಹೊಡೆದ್ರೂ, ಮಳೆ ಬಿಡದೆ ಹೊಡೆದ ವರ್ಷ ಎರಡನೇ ಸಲ ಮರ ಹತ್ತಿಸ್ಲಿಕ್ಕೆ ಆಗದೆ ಎಂತ ಆಗ್ತದೆ ಅಂತ ಮಾವನ ಹತ್ರ ಕೇಳು. ಈಗ ಎಲೆಚುಕ್ಕಿ ರೋಗ ಬೇರೆ. ಮನೆಯ ಅಂಗಳದಲ್ಲೇ ಪ್ರಶ್ನೆ ಇಟ್ಟುಕೊಂಡ ಹುಡುಗಿ ಅಂತ ಓದುವವರಿಗೆ ಗೊತ್ತಾಗ್ಬೇಕು. ಬೆಂಗಳೂರು ಸಿಗದಿದ್ರೆ ಬೇಸರ ಮಾಡ್ಲಿಕ್ಕಿಲ್ಲ. ವಿಟ್ಲದಲ್ಲಿ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯ ಪ್ರಾದೇಶಿಕ ಕೇಂದ್ರ ಉಂಟು, ಪುತ್ತೂರಿನಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯ ಉಂಟು. ಪ್ರಾಜೆಕ್ಟಿಗೆ ಅವಕಾಶ ಉಂಟಾ ಅಂತ ವಿಭಾಗದ ಪತ್ರ ಹಿಡ್ಕೊಂಡು ಹೋಗಿ ಕೇಳ್ಲಿಕ್ಕೆ ಎಂತ ನಾಚಿಕೆ?

ಎಂಟ್ರೆನ್ಸ್ ಹೇಳುವುದಾದ್ರೆ, ಜಾಮ್ ಅಂತ ಪರೀಕ್ಷೆ ಫೆಬ್ರವರಿಯಲ್ಲಿ, ಐಐಟಿಗಳ ಎಂಎಸ್ಸಿಗೆ. ಅದರಲ್ಲಿ ಬಾಟನಿ ಅಂತ ಪೇಪರೇ ಇಲ್ಲ, ಕೆಮಿಸ್ಟ್ರಿ ಅಥವಾ ಬಯೋಟೆಕ್ನಾಲಜಿಯಲ್ಲಿ ಬರೀಬೇಕು. ಸಿಯುಇಟಿ ಪಿಜಿ ಬರೆದ್ರೆ ಸೆಂಟ್ರಲ್ ಯೂನಿವರ್ಸಿಟಿಗಳಿಗೆ ಆಗ್ತದೆ. ಕಾಸರಗೋಡಿನ ಪೆರಿಯದಲ್ಲಿ ಇರುವುದೂ ಸೆಂಟ್ರಲ್ ಯೂನಿವರ್ಸಿಟಿಯೇ, ಮಂಗಳೂರಿನಿಂದ ಎಷ್ಟು ದೂರ? ಇದಕ್ಕೆಲ್ಲ ಈಗಲೇ ಗಡಿಬಿಡಿ ಬೇಡ, ನಾಲ್ಕನೇ ವರ್ಷ ಮಾಡುವುದಾದ್ರೆ. ಆದ್ರೆ ಆರು ಸೆಮಿಸ್ಟರಿನಲ್ಲಿ 75 ಪರ್ಸೆಂಟ್ ಬಿಡ್ಬೇಡ. ಯುಜಿಸಿ ನಿಯಮದಲ್ಲಿ ಆನರ್ಸ್ ವಿದ್ ರಿಸರ್ಚ್ ತಗೊಳ್ಲಿಕ್ಕೆ ಅಷ್ಟು ಬೇಕು, ನಾಲ್ಕು ವರ್ಷದ ಡಿಗ್ರಿಯಲ್ಲಿ 75 ಇದ್ರೆ ಎಂಎಸ್ಸಿ ಇಲ್ಲದೆಯೇ ನೆಟ್ ಅರ್ಹತಾ ಪರೀಕ್ಷೆ ಬರೀಬಹುದು, ಪಿಎಚ್‌ಡಿಗೂ ಹಾಕಬಹುದು. ನಮ್ಮ ಕಾಲದಲ್ಲಿ ಹೀಗೆ ಇದ್ದಿದ್ರೆ, ಹೋಗ್ಲಿ ಬಿಡು.

ಸುರತ್ಕಲ್‌ನ ಫೆಸ್ಟಿಗೆ ಗೆಳತಿಯರ ಜೊತೆ ಹೋಗಿ ಬಾ, ಯಾರು ಬೇಡ ಅಂತಾರೆ. ಕೂತು ಕೇಳುವ ಒಳ್ಳೆ ಸೆಮಿನಾರಿಗೂ ಹೋಗು. ದುಡ್ಡು ಕಟ್ಟಿ ಸರ್ಟಿಫಿಕೇಟ್ ಮನೆಗೆ ತರಿಸುವ ಆನ್‌ಲೈನ್ ಇಂಟರ್ನ್‌ಶಿಪ್ ಮಾತ್ರ ಬೇಡವೇ ಬೇಡ.

ತಂಗೀ, ನೀನು ಈಗ ಮಾಡ್ಬೇಕಾದದ್ದು ಇಷ್ಟೇ. ಪುಟ್ಟಿ ಸೋಮವಾರ ಲ್ಯಾಬಿಗೆ ಹೋಗುವಾಗಲೇ ಬಾಟನಿ ಮೇಡಂ ಹತ್ರ ಕೇಳ್ಲಿ, ಪತ್ರ ಕೊಡ್ತೀರಾ ಅಂತ. ಮೇಡಂ ರಜೆಗೆ ಊರಿಗೆ ಹೋಗುವ ಮೊದಲು. ಅವರು ದಿನಾ ನೋಡುವ ಇಮೇಲ್ ಯಾವುದು ಅಂತ ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಲಿ. ಯೂನಿವರ್ಸಿಟಿಯ ಆನ್‌ಲೈನ್ ಪೋರ್ಟಲ್ ಯುಯುಸಿಎಂಎಸ್‌ನಿಂದ ಇಳಿಸಿದ ಮಾರ್ಕ್ಸ್ ಕಾರ್ಡ್, ಆ ಸಣ್ಣ ಬರಹ, ಎರಡನ್ನೂ ಮೇಡಂಗೆ ಕೊಡ್ಲಿ, ಇಲ್ಲದಿದ್ರೆ ಅವರಾದ್ರೂ ಪತ್ರದಲ್ಲಿ ಎಂತ ಬರೀಬೇಕು? ಸಬ್ಮಿಟ್ ಒತ್ತಿದ ಮೇಲೆ ನಾಲ್ಕು ದಿನಕ್ಕೊಮ್ಮೆ ಲಾಗಿನ್ ಆಗಿ, ಪತ್ರ ಬಂತು ಅಂತ ತೋರಿಸ್ತದಾ ನೋಡ್ಲಿ. ತೋರಿಸದಿದ್ರೆ ಸ್ಟಾಫ್ ರೂಮಿನ ಬಾಗಿಲಲ್ಲಿ ಹೋಗಿ ನಿಲ್ಲಲಿ, ಮೇಡಂ ಸ್ಪ್ಯಾಮ್ ನೋಡಿದ್ರಾ ಅಂತ. ಬೈದ್ರೆ ಬೈಯಲಿ.

ಬರಹವನ್ನು ಗ್ರೂಪಿಗೆ ಹಾಕುವುದು ಬೇಡ, ಇಲ್ಲಿ ಎಲ್ಲರೂ ಕೈಮುಗೀತಾರೆ. ನನಗೆ ಬೇರೆ ಕಳಿಸು ಪುಟ್ಟೀ, ಇಂಗ್ಲಿಷ್ ನಾನು ತಿದ್ದಿ ಕೊಡ್ತೇನೆ.